ಅಮ್ಮನ ಕಣ್ಣಿಗೆ ಅಮ್ಮನದೇ ಸೀರಂ

ರಕ್ತದಿಂದ ಕಣ್ಣಿನ ಡ್ರಾಪ್ಸ್ ಮಾಡ್ತಾರೆ ಅಂದಾಗ ಹಿನಕಲ್‌ನ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. "ರಕ್ತಾನ ಕಣ್ಣಿಗೆ ಬಿಡ್ತಾರೇನಪ್ಪಾ?" ಅಂತ ಕೇಳಿದವರೇ ಹೆಚ್ಚು. ಬಿಡೋದು ರಕ್ತವಲ್ಲ, ಸೀರಂ. ತೆಗೆದ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪೆಲ್ಲ ತಳಕ್ಕೆ ಹೋಗಿ ಮೇಲೆ ತಿಳಿ ಹಳದಿ ನೀರು ಉಳಿಯುತ್ತದೆ. ಅದೇ ಸೀರಂ.

ಇದು ಯಾಕೆ ಬೇಕು ಅನ್ನೋದು ಅರ್ಥವಾಗಬೇಕಾದರೆ ಕಾರ್ನಿಯಾ ಬಗ್ಗೆ ಒಂದು ಮಾತು. ಕಣ್ಣಿನ ಮುಂದಿನ ಈ ಪಾರದರ್ಶಕ ಪದರ ಅರ್ಧ ಮಿಲಿಮೀಟರ್‌ನಷ್ಟು ದಪ್ಪ. ಅದರಲ್ಲಿ ರಕ್ತನಾಳಗಳೇ ಇಲ್ಲ, ಇದ್ದಿದ್ದರೆ ಬೆಳಕು ನೇರವಾಗಿ ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಬೇರೆ ಅಂಗಗಳು ರಕ್ತದಿಂದ ಪಡೆಯೋದರಲ್ಲಿ ಬಹುಪಾಲನ್ನು ಕಾರ್ನಿಯಾದ ಮೇಲ್ಪದರ ಕಣ್ಣೀರಿನಿಂದ ಪಡೆಯುತ್ತದೆ. ಕಣ್ಣೀರು ಬರೀ ಉಪ್ಪುನೀರಲ್ಲ, ಗಾಯ ಮಾಯಿಸುವ ಪ್ರೋಟೀನ್‌ಗಳೂ ವಿಟಮಿನ್ ಎ ಕೂಡ ಅದರಲ್ಲಿವೆ. ಅವೇ ಸೀರಂನಲ್ಲೂ ಇವೆ. ಅಂಗಡಿಯಲ್ಲಿ ಸಿಗುವ ಕೃತಕ ಕಣ್ಣೀರು ಒದ್ದೆ ಮಾಡುತ್ತದೆ, ಪೋಷಣೆ ಕೊಡೋದಿಲ್ಲ. ಮೇಲಾಗಿ ಕೆಲವು ಬಾಟಲಿಗಳಲ್ಲಿರುವ ಪ್ರಿಸರ್ವೇಟಿವ್, ದಿನಕ್ಕೆ ಹತ್ತಾರು ಸಲ ಹಾಕಿದರೆ ಆ ಪದರವನ್ನೇ ಕೆಣಕುತ್ತದೆ.

ಅಮ್ಮನಿಗೆ ಮೂರು ವರ್ಷದ ಹಿಂದೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚೋದು ಶುರುವಾಯಿತು. ನಮ್ಮ ಕಡೆ ಹುಣಸೂರು ರಸ್ತೆ, ರಿಂಗ್ ರಸ್ತೆ ಎರಡರ ಧೂಳೂ ಇದೆ, ಸರಿ. ಆದರೆ ಧೂಳಿಗೆ ಬಾಯಿ ಒಣಗಿ, ಚಪಾತಿಯ ಪ್ರತಿ ತುತ್ತಿಗೂ ನೀರು ಬೇಕಾಗೋದಿಲ್ಲವಲ್ಲ. ಶಿರ್ಮರ್ ಟೆಸ್ಟ್ ಅಂತ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಕೂರಿಸಿದರು. 10 ಮಿಲಿಮೀಟರ್ ದಾಟಿ ಒದ್ದೆಯಾಗಬೇಕಿದ್ದ ಪಟ್ಟಿ 2ಕ್ಕೇ ನಿಂತಿತ್ತು. ರಕ್ತಪರೀಕ್ಷೆಯೂ ಆದಮೇಲೆ ಹೆಸರು ಬಂತು: ಶೋಗ್ರೆನ್ಸ್ ಸಿಂಡ್ರೋಮ್. ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲು ಮಾಡುವ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದು. ನಡುವಯಸ್ಸಿನ ಹೆಂಗಸರಲ್ಲೇ ಜಾಸ್ತಿ. "ವಯಸ್ಸಾಯ್ತು, ಹಾಗೇ ಆಗುತ್ತೆ" ಅಂತ ನಮ್ಮ ಮನೆಗಳಲ್ಲಿ ತಳ್ಳಿಹಾಕೋದು ಇಂಥವನ್ನೇ.

ಒಂದು ವರ್ಷ ಜೆಲ್, ಡ್ರಾಪ್ಸ್ ಎಲ್ಲ ಆಯಿತು. ಕಾರ್ನಿಯಾ ಮೇಲಿನ ತರಚು ಗಾಯ ಮಾಯಲಿಲ್ಲ. ಅಮ್ಮ ಬೆಳಕಿಗೆ ಹೆದರಿ ಹಗಲಲ್ಲೂ ಕಿಟಕಿ ಪರದೆ ಎಳೆದುಕೊಂಡು ಕೂರುತ್ತಿದ್ದರು. ಆಗ ಬೆಂಗಳೂರಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಸೀರಂ ಡ್ರಾಪ್ಸ್ ಮಾತು ಬಂತು.

ಮೊದಲು ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ. ಆಮೇಲೆ ಸುಮಾರು 40 ಎಂಎಲ್ ರಕ್ತ. ಸೀರಂ ಬೇರ್ಪಡಿಸಿ, ಒಂದು ಪಾಲಿಗೆ ನಾಲ್ಕು ಪಾಲು ಸಲೈನ್ ಸೇರಿಸಿ 20 ಪರ್ಸೆಂಟ್‌ಗೆ ತೆಳು ಮಾಡುತ್ತಾರೆ. ನಾನು ಇಂಜಿನಿಯರ್, "ನೂರಕ್ಕೆ ನೂರು ಯಾಕೆ ಹಾಕಬಾರದು ಮೇಡಂ?" ಅಂತ ಕೇಳದೆ ಇರೋಕೆ ಆಗಲಿಲ್ಲ. ಸೀರಂನಲ್ಲಿರುವ ಟಿಜಿಎಫ್-ಬೀಟಾ ಅನ್ನೋ ಪ್ರೋಟೀನ್ ಕಣ್ಣೀರಿನಲ್ಲಿರೋದಕ್ಕಿಂತ ಸುಮಾರು ಐದು ಪಟ್ಟು, ಅದು ಅತಿಯಾದರೆ ಮೇಲ್ಪದರ ಬೆಳೆಯೋದು ನಿಧಾನವಾಗಬಹುದು, ಅದಕ್ಕೇ 20 ಅಂದರು. ಕೆಲವು ಕಡೆ 50 ಕೂಡ ಕೊಡ್ತಾರಂತೆ. ಒಣಗಣ್ಣಿಗೆ ಈ ವಿಧಾನ ವರದಿಯಾಗಿದ್ದು 1984ರಲ್ಲಿ, ಜಪಾನಿನ ವೈದ್ಯರ 1999ರ ಕೆಲಸದಿಂದ ಬಳಕೆ ಹರಡಿತು.

ನಿಜವಾದ ತಲೆನೋವು ಔಷಧಿಯದ್ದಲ್ಲ, ಸಾಗಾಟದ್ದು. ಪ್ರಿಸರ್ವೇಟಿವ್ ಇಲ್ಲದ ಸೀರಂ ಬ್ಯಾಕ್ಟೀರಿಯಾಗೆ ಹಬ್ಬದೂಟ. 2 ಎಂಎಲ್‌ನ 40 ಪುಟ್ಟ ಬಾಟಲಿಗಳು ಥರ್ಮೋಕೋಲ್ ಡಬ್ಬಿಯಲ್ಲಿ, ಐಸ್ ಪ್ಯಾಕ್ ಮಧ್ಯೆ ಮೈಸೂರಿಗೆ ಬರಬೇಕು. ಬಂದಮೇಲೆ ಫ್ರೀಜರ್‌ನಲ್ಲಿ ಮೂರು ತಿಂಗಳೊಳಗೆ ಮುಗಿಸಬೇಕು. ತೆಗೆದ ಬಾಟಲಿ ಫ್ರಿಡ್ಜ್‌ನಲ್ಲಿ, ಎರಡು ದಿನಕ್ಕೆ ಮುಗಿಯಲಿ ಮುಗಿಯದಿರಲಿ, ಕಸಕ್ಕೆ. ಬೆಳಕಿಗೆ ವಿಟಮಿನ್ ಎ ಕೆಡುತ್ತದೆ, ಆದ್ದರಿಂದ ಮೇಲೆ ಫಾಯಿಲ್ ಸುತ್ತು. ಬೇಸಿಗೆಯಲ್ಲಿ ಕರೆಂಟ್ ಹೋದರೆ ನಮ್ಮನೆಯಲ್ಲಿ ಫ್ರೀಜರ್ ಬಾಗಿಲು ಮುಟ್ಟಿದವರಿಗೆ ಬೈಗುಳ ಗ್ಯಾರಂಟಿ.

ಎಲ್ಲರಿಗೂ ಇದು ಕೆಲಸ ಮಾಡುತ್ತಾ? ಪುರಾವೆ ನಾವಂದುಕೊಂಡಷ್ಟು ಗಟ್ಟಿಯಿಲ್ಲ. 2017ರ ಕಾಕ್ರನ್ ವಿಮರ್ಶೆಗೆ ಸಿಕ್ಕಿದ್ದು 5 ಪ್ರಯೋಗ, ಒಟ್ಟು 92 ಜನ. ಮೊದಲ ಎರಡು ವಾರ ಉರಿ, ನೋವು ಸ್ವಲ್ಪ ಕಡಿಮೆಯಾಗಬಹುದು, ಆಮೇಲಿನದ್ದಕ್ಕೆ ಸಾಕ್ಷ್ಯ ಸಾಲದು ಅಂತ ಅದು ಹೇಳುತ್ತದೆ. ಅಮ್ಮನ ಗಾಯ ಆರನೇ ವಾರಕ್ಕೆ ಮುಚ್ಚಿಕೊಂಡಿತು. ಇದು ಒಬ್ಬರ ಕಥೆ, ಪುರಾವೆಯಲ್ಲ. ಆದರೂ ಪರದೆ ಸರಿದಿದ್ದು ನಮಗೆ ದೊಡ್ಡದೇ.

ಕಾರ್ನಿಯಾ ಅಂದರೆ ಕನ್ನಡಿಗರಿಗೆ 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಮಾಡಿದ ನೇತ್ರದಾನ ನೆನಪಾಗುತ್ತದೆ. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರ ಮಾಡಿ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಹಾಕಿದ್ದರು. ಹಾಗಾದರೆ ಅಮ್ಮನಿಗೂ ಕಾರ್ನಿಯಾ ಬದಲಿಸಬಹುದಲ್ಲ ಅಂತ ಸಂಬಂಧಿಕರು ಕೇಳ್ತಾರೆ. ತೀರಾ ಒಣಗಿದ ಕಣ್ಣಲ್ಲಿ ಹೊಸ ಕಾರ್ನಿಯಾ ಕೂಡ ಬಾಳೋದು ಕಷ್ಟ. ಮೊದಲು ಮೇಲ್ಮೈ ಸರಿಯಾಗಬೇಕು. ಎಲೆಅಡಿಕೆ ಸುಣ್ಣ ಕಣ್ಣಿಗೆ ಸಿಡಿದ ಮಕ್ಕಳ ವಿಷಯದಲ್ಲೂ ಹೀಗೇ. ತಕ್ಷಣ ಧಾರಾಳ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಮಾಯದೆ ಉಳಿದ ಗಾಯಕ್ಕೆ ಸೀರಂ ಬಳಸೋದುಂಟು.

ದಿನವಿಡೀ ಲ್ಯಾಪ್‌ಟಾಪ್ ನೋಡುವ ನಮ್ಮಂಥವರಿಗೆ ಇದು ಬೇಡ. ನಿಮಿಷಕ್ಕೆ ಹದಿನೈದು ಸಲ ಮಿಟುಕುವ ರೆಪ್ಪೆ ಸ್ಕ್ರೀನ್ ಮುಂದೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ರೆಪ್ಪೆ ಬಡಿಯೋದು, ಎಸಿ ಗಾಳಿ ಮುಖಕ್ಕೆ ಬೀಳದ ಹಾಗೆ ಕೂರೋದು ಮೊದಲು ಮಾಡಿ. ಜೊತೆಗೆ ಬಾಯಿಯೂ ಒಣಗಿ ಕೀಲುಗಳೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಮುಂದಿನ ಸುತ್ತಿಗೆ ಮೊನ್ನೆ ಹೋದಾಗ ಅಮ್ಮನ ಹಿಮೋಗ್ಲೋಬಿನ್ ಕಡಿಮೆ ಬಂತು. ಒಂದು ತಿಂಗಳು ಕಬ್ಬಿಣದ ಮಾತ್ರೆ ತಗೊಂಡು ಬನ್ನಿ ಅಂದಿದ್ದಾರೆ. ಫ್ರೀಜರ್‌ನಲ್ಲಿ 19 ಬಾಟಲಿ ಇವೆ, ಎರಡು ದಿನಕ್ಕೊಂದರಂತೆ 38 ದಿನ.