ಆದವಾನಿಯಿಂದ ಲಕ್ಷದ್ವೀಪಕ್ಕೆ: ಪರ್ಮಿಟ್ ಮೊದಲು, ರೆಸಾರ್ಟ್ ಕೊನೆಗೆ

ಆದವಾನಿಯ ಮಾರ್ಕೆಟ್ ಯಾರ್ಡ್‌ಗೆ ಹತ್ತಿ ಬರಲು ಶುರುವಾದರೆ ಊರಿನಲ್ಲಿ ದುಡ್ಡು ಓಡಾಡುತ್ತದೆ. ಸಾಲ ತೀರಿ, ಮನೆಯ ಮದುವೆ ಮುಗಿದು, ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ ಮಕ್ಕಳ ಬೇಡಿಕೆ ಏಳುತ್ತದೆ: "ಈ ಸಲ ದ್ವೀಪಕ್ಕೆ ಹೋಗೋಣ." ಮೊಬೈಲಿನಲ್ಲಿ ನೀಲಿ ನೀರು, ಬಿಳಿ ಮರಳು, ತೆಂಗಿನ ನೆರಳಲ್ಲಿ ಒಂದು ರೆಸಾರ್ಟ್. ಕೆಳಗೊಂದು ವಾಟ್ಸ್ಆ್ಯಪ್ ನಂಬರ್. 'ಇವತ್ತೇ ಅಡ್ವಾನ್ಸ್ ಕಳಿಸಿ' ಎಂಬ ಸಾಲು. ಎಡವುವುದು ಇಲ್ಲೇ.

ಊಟಿಗೋ ಮೈಸೂರಿಗೋ ಹೋಗುವಾಗ ರೂಮ್ ಬುಕ್ ಮಾಡಿ ಬಸ್ ಹತ್ತಿದರೆ ಆಯಿತು. ಲಕ್ಷದ್ವೀಪದ ಲೆಕ್ಕ ಹಾಗಲ್ಲ. ಅಲ್ಲಿ ಮೊದಲು ಪರ್ಮಿಟ್, ಆಮೇಲೆ ಹಡಗು ಅಥವಾ ವಿಮಾನದ ಸೀಟು, ಕೊನೆಗೆ ರೂಮ್. ಈ ಕ್ರಮ ತಿರುವುಮುರುವಾದರೆ ವರ್ಷವಿಡೀ ಕೂಡಿಟ್ಟ ಹಣ ಕೈ ಬಿಟ್ಟುಹೋಗಬಹುದು.

ಒಂದು ಕಾಲದ ನೆರೆಹೊರೆ

ಇಂದು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಆದವಾನಿ, ಆಲೂರು ಹಿಂದೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಅವು ಆಂಧ್ರಕ್ಕೆ ಸೇರಿದವು. ಮನೆಮಾತು ಕನ್ನಡವಾಗಿರುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ.

ಅದೇ ಮದ್ರಾಸಿನ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸಮುದ್ರದಾಚೆಯೂ ಒಂದು ತುಂಡು ನೆಲವಿತ್ತು: ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ಮತ್ತು ಬಿತ್ರ. ಇವೇ ಅಮಿನಿದಿವಿ ದ್ವೀಪಗಳು. ದ್ವೀಪದವರು ತೆಂಗಿನ ನಾರಿನ ಹುರಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಬಂದರಿನ ವ್ಯಾಪಾರದ ನಂಟು ಮಾತ್ರ ಕಡಿಯಲಿಲ್ಲ. ಅಲ್ಲಿನವರ ಮಾತು ಮಲಯಾಳಂನ ಒಂದು ಬಗೆಯಾದ ಜಸರಿ. ಮಿನಿಕಾಯ್‌ನಲ್ಲಿ ಮಾತ್ರ ಮಹಲ್. ಬ್ಯಾರಿ ಬಲ್ಲವರಿಗೆ ಜಸರಿಯ ಎಷ್ಟೋ ಪದಗಳು ಪರಕೀಯ ಅನ್ನಿಸುವುದಿಲ್ಲ.

ಪರ್ಮಿಟ್ ಯಾಕೆ?

ಲಕ್ಷದ್ವೀಪದಲ್ಲಿ 36 ದ್ವೀಪಗಳಿವೆ. ಎಲ್ಲ ಸೇರಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. ಜನ ನೆಲೆಸಿರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಇಷ್ಟು ಸಣ್ಣ ಜಾಗಕ್ಕೆ ಹೊರಗಿನವರು ಲೆಕ್ಕವಿಲ್ಲದೆ ಬಂದರೆ ನೀರು, ನೆಲ, ಹವಳದ ದಿಬ್ಬ ಯಾವುದೂ ತಡೆಯದು. ಹಾಗಾಗಿ 1967ರ ಪ್ರವೇಶ ನಿರ್ಬಂಧ ನಿಯಮಗಳಂತೆ, ದ್ವೀಪದವರಲ್ಲದ ಭಾರತೀಯರಿಗೂ ಆಡಳಿತದ ಪರ್ಮಿಟ್ ಬೇಕು. ಯಾವ ದ್ವೀಪಕ್ಕೆ, ಯಾವ ದಿನಾಂಕಕ್ಕೆ ಎಂಬುದು ಅದರಲ್ಲೇ ನಮೂದಾಗಿರುತ್ತದೆ.

ಪರ್ಮಿಟ್‌ಗೆ ಅರ್ಜಿ ಹಾಕುವುದು ಆಡಳಿತದ ಆನ್‌ಲೈನ್ ವ್ಯವಸ್ಥೆಯಲ್ಲಿ. ದಾರಿ ಮುಖ್ಯವಾಗಿ ಎರಡು. ಒಂದು, ಸರಕಾರದ ಪ್ರವಾಸ ಸಂಸ್ಥೆಯಾದ 'ಸ್ಪೋರ್ಟ್ಸ್' ಅಥವಾ ಮಾನ್ಯತೆ ಪಡೆದ ಏಜೆಂಟರ ಪ್ಯಾಕೇಜ್. ಎರಡು, ದ್ವೀಪವಾಸಿಯೊಬ್ಬರ ಪ್ರಾಯೋಜಕತ್ವ. ಗುರುತಿನ ಚೀಟಿ, ಫೋಟೊ ಬೇಕೇ ಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುವುದೂ ಉಂಟು. ಆಧಾರ್‌ನಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು ಇದ್ದರೆ ಅದನ್ನು ಮನೆಯಲ್ಲಿರುವಾಗಲೇ ಸರಿಮಾಡಿಕೊಳ್ಳಬೇಕು. ಕೊಚ್ಚಿಗೆ ಹೋಗಿ ನೋಡೋಣ ಅಂದರೆ ಆಗದು.

ಯಾವಾಗ ಹೋಗುವುದು?

ಶಾಲೆಗೆ ಬೇಸಿಗೆ ರಜೆ ಸಿಕ್ಕಾಗ ಹೊರಡುವುದು ನಮ್ಮ ರೂಢಿ. ಲಕ್ಷದ್ವೀಪಕ್ಕೆ ಅದು ಸರಿ ಹೊಂದುವುದಿಲ್ಲ. ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಸಮುದ್ರ ಒರಟು. ಹಡಗುಗಳ ಓಡಾಟ ಕಡಿಮೆಯಾಗುತ್ತದೆ, ಸಣ್ಣ ದೋಣಿಗಳಿಗೆ ಹೊರಡುವುದೇ ಕಷ್ಟ. ಪ್ರವಾಸದ ಕಾಲ ಅಕ್ಟೋಬರ್‌ನಿಂದ ಮೇ ಆರಂಭದವರೆಗೆ.

ಆಂಧ್ರದ ಶಾಲಾ ಕ್ಯಾಲೆಂಡರ್ ಇಲ್ಲಿ ನೆರವಿಗೆ ಬರುತ್ತದೆ. ಜನವರಿಯ ಸಂಕ್ರಾಂತಿ ರಜೆ ಆದವಾನಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೆ. ಆ ಹೊತ್ತಿಗೆ ಹತ್ತಿಯೂ ಬಹುಪಾಲು ಮಾರಾಟವಾಗಿರುತ್ತದೆ, ಸಮುದ್ರವೂ ಶಾಂತ. ಆದರೆ ಸಂಕ್ರಾಂತಿಗೆ ಹೊರಡಬೇಕಾದರೆ ಓಡಾಟ ದಸರೆಯ ಹೊತ್ತಿಗೇ ಶುರುವಾಗಬೇಕು.

ಈಗಿನ ವರ್ಷಗಳಲ್ಲಿ ರಮಝಾನ್ ಫೆಬ್ರವರಿ, ಮಾರ್ಚ್ ಸುಮಾರಿಗೆ ಬರುತ್ತದೆ ಎಂಬುದೂ ನೆನಪಿರಲಿ. ದ್ವೀಪದ ನಿವಾಸಿಗಳಲ್ಲಿ ಶೇಕಡಾ 96ಕ್ಕೂ ಹೆಚ್ಚು ಮುಸ್ಲಿಮರು. ಉಪವಾಸದ ತಿಂಗಳಲ್ಲಿ ಹಗಲು ಹೊತ್ತು ಹೋಟೆಲ್ ತೆರೆದಿರುತ್ತದೆ ಎಂದು ನೆಚ್ಚಿಕೊಳ್ಳಬಾರದು.

ಹೋಗುವ ದಾರಿ

ಆದವಾನಿ ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿದೆ; ದೊಡ್ಡ ಜಂಕ್ಷನ್ ಗುಂತಕಲ್ಲು ಹತ್ತಿರದಲ್ಲೇ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಬೆಂಗಳೂರಿನಿಂದ ಅಗತ್ತಿಗೆ 2024ರ ಮಾರ್ಚ್ 31ರಂದು ನೇರ ವಿಮಾನ ಶುರುವಾಯಿತು. ಕೊಚ್ಚಿಯಿಂದಲೂ ಅಗತ್ತಿಗೆ ವಿಮಾನವಿದೆ. ಅಗತ್ತಿಯ ರನ್‌ವೇ ಚಿಕ್ಕದು, ಇಳಿಯುವುದು ಸಣ್ಣ ವಿಮಾನ. ಹಾಗಾಗಿ ಸೀಟು ಕಡಿಮೆ, ಲಗೇಜಿನ ಮಿತಿಯೂ ಬಿಗಿ. ದಿನಾಂಕ ನಿಗದಿ ಮಾಡುವ ಮೊದಲು ಆಗಿನ ವೇಳಾಪಟ್ಟಿ ನೋಡಿಕೊಳ್ಳಬೇಕು.

ಹಡಗಿನಲ್ಲಿ ಹೋಗುವವರು ಕೊಚ್ಚಿ ಸೇರಬೇಕು. ಅಲ್ಲಿಂದ ದ್ವೀಪಕ್ಕೆ ಸಾಮಾನ್ಯವಾಗಿ 14ರಿಂದ 18 ಗಂಟೆ. ಮೊದಲ ಸಲ ಹೋಗುವ ಕುಟುಂಬಗಳಿಗೆ 'ಎಂ.ವಿ. ಕವರತ್ತಿ' ಹಡಗಿನ 'ಸಮುದ್ರಂ' ಪ್ಯಾಕೇಜ್ ಒಂದು ಸರಳ ದಾರಿ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಸುತ್ತಾಟ, ರಾತ್ರಿ ಹಡಗಿನಲ್ಲೇ ನಿದ್ದೆ. ಇದರಲ್ಲಿ ರೆಸಾರ್ಟೇ ಬೇಕಿಲ್ಲ. ದ್ವೀಪದಲ್ಲೇ ಉಳಿಯಬೇಕು ಅನ್ನುವವರಿಗೆ ಕಡಮತ್, ಬಂಗಾರಂ, ತಿಣ್ಣಕರ ಮುಂತಾದೆಡೆ ವಸತಿ ಇದೆ.

2024ರ ಮೇ ತಿಂಗಳಲ್ಲಿ 'ಪರಲಿ' ಎಂಬ ವೇಗದ ಹಡಗು ಪ್ರಯಾಣಿಕರನ್ನು ಹೊತ್ತು ಮಂಗಳೂರಿಗೆ ಬಂದಾಗ ಕರಾವಳಿಯಲ್ಲಿ ಆಸೆ ಚಿಗುರಿತ್ತು. ಆದರೆ ಅದನ್ನೇ ನೆಚ್ಚಿ ಪ್ಲಾನ್ ಹಾಕುವಂತಿಲ್ಲ. ಪ್ರವಾಸಿ ಹಡಗಿಗೆ ಕೊಚ್ಚಿಯೇ ಬಾಗಿಲು.

ಮನೆಯಲ್ಲಿ ಹಿರಿಯರಿದ್ದರೆ ಇನ್ನೊಂದು ಮಾತು. ದೊಡ್ಡ ಹಡಗು ಎಷ್ಟೋ ದ್ವೀಪಗಳಲ್ಲಿ ದಡಕ್ಕೆ ಹತ್ತುವುದಿಲ್ಲ, ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಅಲುಗಾಡುವ ಸಣ್ಣ ದೋಣಿಗೆ ಇಳಿಯಬೇಕು. ಮಂಡಿನೋವಿನ ಅಜ್ಜಿಗೆ ಇದು ಕಷ್ಟ. ಅಂಥ ಮನೆಗೆ ವಿಮಾನವೇ ಮೇಲು.

ಹಣದ ಲೆಕ್ಕ

ಜಾಹೀರಾತಿನಲ್ಲಿ ಕಾಣುವುದು ತಲೆಗಿಷ್ಟು ಎಂಬ ಪ್ಯಾಕೇಜ್ ದರ ಮಾತ್ರ. ಆದವಾನಿಯಿಂದ ಹೋಗಿಬರುವ ರೈಲಿನ ಖರ್ಚು, ಹಡಗು ಹೊರಡುವ ಹಿಂದಿನ ರಾತ್ರಿ ಕೊಚ್ಚಿಯಲ್ಲಿ ಉಳಿಯುವ ಖರ್ಚು, ಪರ್ಮಿಟ್ ಶುಲ್ಕ, ನೀರಾಟಗಳ ದರ ಎಲ್ಲವೂ ಬೇರೆ. ಹವಾಮಾನ ಕೆಟ್ಟರೆ ಹಡಗು ತಡವಾಗುತ್ತದೆ. ಹಾಗಾಗಿ ವಾಪಸ್ ರೈಲಿಗೆ ಒಂದು ದಿನದ ಬಿಡುವು ಇಟ್ಟುಕೊಳ್ಳಲೇಬೇಕು. ಎಟಿಎಂ ಎಲ್ಲ ಕಡೆ ಸಿಗದು, ಸ್ವಲ್ಪ ನಗದು ಜೊತೆಗಿರಲಿ.

ಅಡ್ವಾನ್ಸ್ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಏಜೆಂಟರಿಗೆ ಲಕ್ಷದ್ವೀಪ ಆಡಳಿತದ ಮಾನ್ಯತೆ ಇದೆಯೇ? ಪರ್ಮಿಟ್ ಮಾಡಿಸುವ ಜವಾಬ್ದಾರಿ ಯಾರದು? ಪರ್ಮಿಟ್ ಸಿಗದಿದ್ದರೆ ಎಷ್ಟು ಹಣ ವಾಪಸ್? ಉತ್ತರ ಬರಹದಲ್ಲಿ ಬರಲಿ. "ಪರ್ಮಿಟ್ ಬೇಡ, ನಾವು ನೋಡ್ಕೋತೀವಿ" ಅನ್ನುವವರಿಂದ ದೂರ ಇರುವುದು ಒಳ್ಳೆಯದು.

ಇಷ್ಟೆಲ್ಲ ಕಷ್ಟ ಬೇಡ ಅನ್ನಿಸಿದರೆ ಅಂಡಮಾನ್ ಇದೆ. ಪೋರ್ಟ್‌ಬ್ಲೇರ್, ಹ್ಯಾವ್ಲಾಕ್‌ನಂಥ ಕಡೆ ಭಾರತೀಯ ಪ್ರವಾಸಿಗರಿಗೆ ಇಂಥ ಪರ್ಮಿಟ್ ಇಲ್ಲ. ಮಾಲ್ದೀವ್ಸ್‌ಗೆ ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ, ಆದರೆ ಎಲ್ಲರಿಗೂ ಪಾಸ್‌ಪೋರ್ಟ್ ಬೇಕು. ರೆಸಾರ್ಟ್ ದರದ ಮೇಲೆ ತೆರಿಗೆ ಬೇರೆ, ಬೇರೊಂದು ದ್ವೀಪದಲ್ಲಿರುವ ರೆಸಾರ್ಟ್‌ಗೆ ಒಯ್ಯುವ ದೋಣಿ ಅಥವಾ ಸಮುದ್ರ ವಿಮಾನದ ಖರ್ಚು ಬೇರೆ.

ನೀರಿನ ಬೆಲೆ ಗೊತ್ತಿದ್ದವರು

ಲಕ್ಷದ್ವೀಪದಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೆ ಒಂದು ಹೊಳೆಯಿಲ್ಲ, ತೊರೆಯಿಲ್ಲ. ಮರಳಿನಡಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಬಾವಿಯಿಂದ ಅತಿಯಾಗಿ ಎತ್ತಿದರೆ ಉಪ್ಪು ಮೇಲೇರುತ್ತದೆ. ಸಮುದ್ರದ ನೀರನ್ನು ಸಿಹಿಮಾಡುವ ಘಟಕ 2005ರಲ್ಲಿ ಕವರತ್ತಿಯಲ್ಲಿ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್.

ದ್ವೀಪದವರು ಅತಿಥಿಯಿಂದ ಬಯಸುವುದೂ ದೊಡ್ಡದೇನಲ್ಲ. ಜನರಿರುವ ದ್ವೀಪಗಳಲ್ಲಿ ಮದ್ಯನಿಷೇಧ ಬಹುಕಾಲದಿಂದ ಇದೆ. ಊರೊಳಗೆ ಮೈತುಂಬ ಬಟ್ಟೆಯಿರಲಿ, ಕೇಳದೆ ಹೆಂಗಸರ ಫೋಟೊ ತೆಗೆಯುವುದು ಬೇಡ. ಹವಳದ ಒಂದು ತುಂಡನ್ನೂ ಚೀಲಕ್ಕೆ ಹಾಕಬಾರದು. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ತಂದ ಪ್ಲಾಸ್ಟಿಕ್ ವಾಪಸ್ ಒಯ್ಯಬೇಕು.

ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಬಿಂದಿಗೆ ಸಾಲು ಕಂಡ ಆದವಾನಿ, ಕೋಸಿಗಿ ಕಡೆಯ ಮಂದಿಗೆ ನೀರಿನ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ರೆಸಾರ್ಟಿನ ನಲ್ಲಿಯಲ್ಲಿ ನೀರು ಎಷ್ಟೇ ಜೋರಾಗಿ ಬಂದರೂ, ಅದು ಪಕ್ಕದ ಮನೆಯ ಬಾವಿಯ ನೀರೂ ಹೌದು ಎಂದು ತಿಳಿದು ಬಳಸುವವರು ಅವರು. ದ್ವೀಪಕ್ಕೆ ಬೇಕಿರುವುದು ಅಂಥ ಅತಿಥಿಗಳೇ.