ಮಗಳ ಚೀಲ ಹೊತ್ತ ತಾಯಿ

ಗಾಲ್ಫ್ ಎಂದರೆ ದುಡ್ಡಿದ್ದವರ ಆಟ, ನಮಗ್ಯಾಕೆ ಅದರ ಗೊಡವೆ ಎಂದು ಪುಟ ತಿರುವಬೇಡಿ, ಸೋದರಿಯರೇ. ಈ ಲೇಖನ ಆಟಗಾರರ ಪಕ್ಕದಲ್ಲಿ ಭಾರದ ಚೀಲ ಹೊತ್ತು ನಡೆಯುವವರ ಬಗ್ಗೆ. ಅವರನ್ನು ಕ್ಯಾಡಿ ಎನ್ನುತ್ತಾರೆ. ಓದುತ್ತಾ ಹೋದಂತೆ, "ಅಯ್ಯ, ಇದು ನಮ್ಮ ಮನೆ ಕಥೇನೇ ಆಯ್ತಲ್ರೀ!" ಎಂದು ನಿಮಗೇ ಅನ್ನಿಸೀತು.

ಕುರುಗೋಡಿನ ದೊಡ್ಡಬಸವೇಶ್ವರನ ತೇರು ನೋಡಿದ್ದೀರಲ್ಲ? ಹಗ್ಗ ಹಿಡಿದವರು ನೂರಾರು ಮಂದಿ. ನಮ್ಮ ಕಣ್ಣೆಲ್ಲ ಕಳಸದ ಮೇಲೆ. ಆದರೆ ಗಾಲಿಯ ಪಕ್ಕದಲ್ಲೇ ಬಗ್ಗಿ ಸನ್ನೆ ಹಾಕುತ್ತಾ, ತೇರು ದಾರಿ ಬಿಡದಂತೆ ನೋಡಿಕೊಳ್ಳುವವರು ಬೆರಳೆಣಿಕೆಯಷ್ಟು ಜನ. ಅವರ ಹೆಸರು ಎಷ್ಟು ಮಂದಿಗೆ ಗೊತ್ತು? ಗಾಲ್ಫ್ ಮೈದಾನದಲ್ಲಿ ಕ್ಯಾಡಿಯ ಕೆಲಸವೂ ಹೀಗೆಯೇ.

ಒಂದು ಹೊಡೆತದ ಅಂತರ

ಆಟ ಹೇಳಿದರೆ ಸುಲಭ. ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆದು, ಹುಲ್ಲಿನ ಮೈದಾನದಲ್ಲಿ ದೂರ ದೂರ ಇರುವ 18 ಕುಳಿಗಳಿಗೆ ಒಂದೊಂದಾಗಿ ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ದೊಡ್ಡ ಪಂದ್ಯವಾದರೆ ಇದೇ ಆಟ ನಾಲ್ಕು ದಿನ ನಡೆಯುತ್ತದೆ.

ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2016ರಲ್ಲಿ, 18ನೆಯ ವಯಸ್ಸಿನಲ್ಲೇ, ರಿಯೋ ಒಲಿಂಪಿಕ್ಸ್‌ನಲ್ಲಿ ಆಡಿದಳು. ಆಗ ಅವಳ ಚೀಲ ಹೊತ್ತವರು ತಂದೆ. ಕೊರೋನಾದಿಂದಾಗಿ ಒಂದು ವರ್ಷ ತಡವಾಗಿ, 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆ ಚೀಲ ತಾಯಿ ಮಹೇಶ್ವರಿಯವರ ಹೆಗಲಿಗೆ ಬಂತು. ವಿಶ್ವದ ಶ್ರೇಯಾಂಕದಲ್ಲಿ 200ನೆಯ ಸ್ಥಾನದಲ್ಲಿದ್ದ ಹುಡುಗಿ ಮೂರು ದಿನದ ಆಟ ಮುಗಿದಾಗ ಎರಡನೆಯ ಸ್ಥಾನದಲ್ಲಿ ನಿಂತಿದ್ದಳು! ಗಾಲ್ಫ್ ಗಂಧವೇ ಇಲ್ಲದವರೂ ನಾಲ್ಕನೆಯ ದಿನ ಬೆಳಿಗ್ಗೆ ಟಿವಿ ಮುಂದೆ ಕೂತರು. ಕೊನೆಯ ಕುಳಿಯಲ್ಲಿ ಅವಳ ಚೆಂಡು ಹತ್ತಿರ ಹೋಗಿಯೂ ಒಳಗೆ ಬೀಳಲಿಲ್ಲ. ಒಟ್ಟು 269 ಹೊಡೆತ, ನಾಲ್ಕನೆಯ ಸ್ಥಾನ. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

ಆ ನಾಲ್ಕು ದಿನವೂ ತಾಯಿ ಮಗಳ ಜೊತೆ ಹೆಜ್ಜೆ ಹಾಕಿದರು. ಕೊರೋನಾ ಕಾರಣ ಮೈದಾನದಲ್ಲಿ ಪ್ರೇಕ್ಷಕರೂ ಇರಲಿಲ್ಲ. ಒಂದು ಮಾತು ನೆನಪಿಡಿ: ಅದಿತಿ ಪದಕ ಗೆದ್ದಿದ್ದರೂ ತಾಯಿಯ ಕೊರಳಿಗೆ ಏನೂ ಬೀಳುತ್ತಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಕ್ಯಾಡಿಗೆ ಪದಕವಿಲ್ಲ.

ಚೀಲ ಹೊತ್ತರೆ ಮುಗಿಯಿತೇ?

"ಚೀಲ ಹೊರೋದೂ ಒಂದು ವಿದ್ಯೆಯೇನ್ರೀ?" ಎನ್ನುತ್ತೀರೇನೋ. ಕೇಳಿ. ದೊಡ್ಡ ಪಂದ್ಯದ ಚೀಲ 15ರಿಂದ 20 ಕಿಲೋ ತೂಗುವುದುಂಟು. ಸಿರುಗುಪ್ಪದ ಗಿರಣಿಯಿಂದ ಬರುವ 25 ಕಿಲೋ ಅಕ್ಕಿ ಚೀಲವನ್ನು ಬಾಗಿಲಿನಿಂದ ಅಡುಗೆಮನೆಗೆ ಸಾಗಿಸುವಷ್ಟರಲ್ಲೇ ನಮಗೆ ಏದುಸಿರು. ಇವರು ಅದಕ್ಕೆ ಸ್ವಲ್ಪವೇ ಕಡಿಮೆಯಾದ ಭಾರ ಹೊತ್ತು, ಏರು ತಗ್ಗಿನಲ್ಲಿ ಎಂಟು-ಹತ್ತು ಕಿಲೋಮೀಟರ್ ನಡೆಯಬೇಕು. ಅದೂ ನಾಲ್ಕೈದು ಗಂಟೆ, ದಿನ ಬಿಡದೆ.

ಬಿಸಿಲೆಂದರೆ ಬಳ್ಳಾರಿಯವರಿಗೆ ಹೇಳಿಕೊಡಬೇಕೇ? ಆದರೂ ಕೇಳಿ. ಟೋಕಿಯೋದ ಮೊದಲ ದಿನ ಅಮೆರಿಕದ ಆಟಗಾರ್ತಿಯೊಬ್ಬರ ಕ್ಯಾಡಿ ಸೆಕೆ ತಾಳಲಾರದೆ ಅರ್ಧದಲ್ಲೇ ಕುಸಿದರು. ಅವರ ಚೀಲವನ್ನು ಬೇರೆಯವರು ಹೊರಬೇಕಾಯಿತು. ಅದೇ ಬಿಸಿಲಿನಲ್ಲಿ ಮಹೇಶ್ವರಿಯವರು ನಡೆದರು.

ಭಾರಕ್ಕಿಂತ ಹೆಚ್ಚಿನದು ಲೆಕ್ಕ. ಕುಳಿಯ ಜಾಗವನ್ನು ದಿನಾ ಬದಲಿಸುತ್ತಾರೆ. ಇಲ್ಲಿಂದ ಅಲ್ಲಿಗೆ ಎಷ್ಟು ಗಜ, ಗಾಳಿ ಯಾವ ಕಡೆ, ಹುಲ್ಲು ಒದ್ದೆಯೋ ಒಣಗಿದೆಯೋ, ನೆಲ ಎತ್ತ ಇಳಿಜಾರು ಎಂಬುದೆಲ್ಲ ನುರಿತ ಕ್ಯಾಡಿಯ ತಲೆಯಲ್ಲಿ, ಕಿಸೆಯ ಪುಸ್ತಕದಲ್ಲಿ ಇರಬೇಕು. ಕೋಲು ಒರೆಸಬೇಕು, ಚೆಂಡು ತೊಳೆಯಬೇಕು, ಮರಳಿನಲ್ಲಿ ಬಿದ್ದ ಹೆಜ್ಜೆಗುರುತು ಸರಿಮಾಡಬೇಕು. ನೀರು, ತಿಂಡಿ, ಕೊಡೆ, ಟವೆಲು ಯಾವುದೂ ಮರೆಯುವಂತಿಲ್ಲ. ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಊರಿಗೆ ಹೊರಟ ತಾಯಿಯ ಕೈಚೀಲ ನೆನಪಾಗಲಿಲ್ಲವೇ?

ಎಣಿಕೆ ತಪ್ಪಿದರೆ

ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇರಕೂಡದು ಎಂಬುದು ನಿಯಮ. 2001ರ ಬ್ರಿಟಿಷ್ ಓಪನ್ ಪಂದ್ಯದ ಕೊನೆಯ ದಿನ ಇಯಾನ್ ವೂಸ್ನಮ್ ಎಂಬ ಹಿರಿಯ ಆಟಗಾರ ಮೊದಲ ಕುಳಿಯನ್ನು ಸೊಗಸಾಗಿ ಮುಗಿಸಿ ಮುಂಚೂಣಿಗೆ ಬಂದಿದ್ದರು. ಎರಡನೆಯದಕ್ಕೆ ಬಂದು ನೋಡಿದರೆ ಚೀಲದಲ್ಲಿ 15 ಕೋಲು! ಎಣಿಸಿ ಇಡಬೇಕಾದವನು ಕ್ಯಾಡಿ, ಎರಡು ಹೊಡೆತದ ದಂಡ ಬಿದ್ದದ್ದು ಆಟಗಾರನಿಗೆ. ವೂಸ್ನಮ್ ಗೆಲ್ಲಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದ್ದಾಗ ಯಾರೂ ಮಾತಾಡುವುದಿಲ್ಲ, ಒಂದು ಚಿಟಿಕೆ ಹೆಚ್ಚಾದರೆ ಮನೆಮಂದಿಗೆಲ್ಲ ನಾಲಿಗೆ ಬರುತ್ತದೆ. ಕ್ಯಾಡಿಯ ಬಾಳೂ ಅಷ್ಟೇ.

ಸರಿದು ನಿಲ್ಲುವುದೂ ಕೆಲಸವೇ

ಈ ಕಸುಬಿನವರಲ್ಲಿ ಒಂದು ಮಾತಿದೆ: ವೇಳೆಗೆ ಬರಬೇಕು, ಸರಿಸಮ ನಡೆಯಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಮೂರನೆಯದೇ ಕಷ್ಟ! ಒಬ್ಬರೇ ಆಡುವ ಪಂದ್ಯದಲ್ಲಿ ಆಟಗಾರರು ಸಲಹೆ ಕೇಳಬಹುದಾದದ್ದು ಕ್ಯಾಡಿಯನ್ನು ಮಾತ್ರ. ಹಾಗೆಂದು ಸದಾ ಹೇಳುತ್ತಲೇ ಇದ್ದರೆ ಆಟ ಕೆಡುತ್ತದೆ. ಹೊಡೆಯಲು ಕಾಲೂರಿ ನಿಂತ ಮೇಲೆ ಕ್ಯಾಡಿ ಬೆನ್ನ ಹಿಂದೆ ನಿಂತು ಗುರಿ ತೋರಿಸುವಂತಿಲ್ಲ ಎಂದು 2019ರಿಂದ ನಿಯಮವೇ ಆಗಿದೆ. ಹೊಡೆಯುವ ಕ್ಷಣದಲ್ಲಿ ಮಳೆ ಬರಲಿ, ಬಿಸಿಲಿರಲಿ, ಆಟಗಾರನ ತಲೆಯ ಮೇಲೆ ಕ್ಯಾಡಿ ಕೊಡೆ ಹಿಡಿಯುವಂತೆಯೂ ಇಲ್ಲ.

ತಾಯಿಯೇ ಕ್ಯಾಡಿಯಾದಾಗ ಇದೆಷ್ಟು ಕಷ್ಟ, ಯೋಚಿಸಿ. ಮಗಳು ಬಿಸಿಲಲ್ಲಿ ನಿಂತಿದ್ದಾಳೆ, ತಾಯಿಯ ಕೈಯಲ್ಲಿ ಕೊಡೆಯಿದೆ. ಆದರೂ ಆ ಒಂದು ಕ್ಷಣ ಸರಿದು ನಿಲ್ಲಬೇಕು.

ಹೆಣ್ಣಿಗೆ ಆಗದ ಕೆಲಸವೇನಲ್ಲ

ಸ್ವೀಡನ್ನಿನ ಫ್ಯಾನಿ ಸುನೆಸನ್ ಎಂಬಾಕೆ ಗಂಡಸರ ಪಂದ್ಯಗಳಲ್ಲಿ ನಿಕ್ ಫಾಲ್ಡೋ ಎಂಬ ಹೆಸರಾಂತ ಆಟಗಾರನ ಚೀಲ ಹೊತ್ತರು. 1990ರ ಮಾಸ್ಟರ್ಸ್ ಪಂದ್ಯದಿಂದ 1996ರ ಮಾಸ್ಟರ್ಸ್‌ವರೆಗೆ ಆತ ನಾಲ್ಕು ಮಹಾಪಂದ್ಯ ಗೆದ್ದಾಗಲೂ ಪಕ್ಕದಲ್ಲಿದ್ದವರು ಈಕೆ. ಇನ್ನು ನಮ್ಮವರೇ ಆದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. ಪರರ ಚೀಲ ಹೊರುತ್ತಲೇ ಆಟ ಕಲಿತು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ಹೊರುವವರು ಬರೀ ಹೊರುವುದಿಲ್ಲ, ನೋಡುತ್ತಲೂ ಇರುತ್ತಾರೆ!

ಸಂಪಾದನೆಯ ಮಾತು ಬಂದರೆ, ದೊಡ್ಡ ಪಂದ್ಯಗಳ ಕ್ಯಾಡಿಗೆ ವಾರದ ಸಂಬಳವುಂಟು. ಆಟಗಾರ ಗೆದ್ದರೆ ಬಹುಮಾನದಲ್ಲಿ ನೂರಕ್ಕೆ ಹತ್ತರಷ್ಟು ಪಾಲು ಕೊಡುವುದು ವಾಡಿಕೆ. ಎರಡೇ ದಿನಕ್ಕೆ ಆಟಗಾರ ಹೊರಬಿದ್ದರೆ ವಾರದ ಸಂಬಳವಷ್ಟೇ ಗತಿ. ಹೆಸರು ಸಿಗದಿದ್ದರೂ ಹೊತ್ತವನಿಗೆ ಒಂದು ಪಾಲು ಇದೆ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮ ಮನೆಗಳಲ್ಲಿ?

ನಾವು ಕಲಿಯಬಹುದಾದದ್ದು

ಮಗನಿಗೋ ಮಗಳಿಗೋ ಪರೀಕ್ಷೆಯಿದ್ದಾಗ ಈ ಕಸುಬನ್ನು ನೆನೆಸಿಕೊಳ್ಳಿ. ಪೆನ್ನು, ಪ್ರವೇಶಪತ್ರ, ನೀರಿನ ಬಾಟಲಿ ಎಲ್ಲವನ್ನೂ ಹಿಂದಿನ ರಾತ್ರಿಯೇ ಎಣಿಸಿಡಿ. ಹೇಳಬೇಕಾದ್ದನ್ನು ದಾರಿಯಲ್ಲೇ ಹೇಳಿ ಮುಗಿಸಿ. ಶಾಲೆಯ ಗೇಟು ಬಂತೋ, ಸಾಕು, ಸರಿದು ನಿಲ್ಲಿ. ಒಳಗೆ ಬರೆಯುವ ಕೈ ಅವರದು.

ಫಲಿತಾಂಶ ಬಂದ ದಿನ ಪೇಡೆ ಹಂಚುವಾಗ ಇನ್ನೊಂದು ಮಾತು. ಮೊದಲ ಪೇಡೆ ಮಗುವಿಗೆ ಕೊಡಿ, ಬೇಡವೆಂದವರಾರು? ಎರಡನೆಯದನ್ನು ನೀವೇ ತೆಗೆದುಕೊಳ್ಳಿ. "ಎಲ್ಲರಿಗೂ ಆದ ಮೇಲೆ ಉಳಿದರೆ ನನಗೆ" ಎನ್ನುವ ಹಳೆಯ ಅಭ್ಯಾಸವನ್ನು ಅವತ್ತೊಂದು ದಿನವಾದರೂ ಬಿಡಿ. ಚೀಲ ಹೊತ್ತವರು ನೀವಲ್ಲವೇ?