ಸಂಗಮದ ಹರಿಗೋಲು

ಕಡಲ ತಡಿಯಲ್ಲಿ ಬೆಳೆದ ಮಹಾನಗರವನ್ನು ನೆಲದ ಮೇಲೆ ನಿಂತು ನೋಡುವುದು ಒಂದು ಬಗೆ. ನೀರಿನ ಮೇಲೆ ತೇಲುತ್ತ ನೋಡುವುದು ಮತ್ತೊಂದು ಬಗೆ. ಮುಂಬಯಿಯಂಥ ನಗರದಲ್ಲಿ ಉಳ್ಳವರು ವಿಹಾರ ನೌಕೆಯನ್ನು ಬಾಡಿಗೆಗೆ ಹಿಡಿದು ಸಂಜೆಯ ಹೊತ್ತು ಕಡಲಿಗೆ ಇಳಿಯುತ್ತಾರೆ. ಬೀದಿಯಲ್ಲಿ ನಡೆಯುವಾಗ ಬಿಡಿಬಿಡಿಯಾಗಿ ಕಾಣುತ್ತಿದ್ದ ಕಟ್ಟಡಗಳು ದೂರದ ನೀರಿನಿಂದ ನೋಡಿದಾಗ ಒಂದೇ ಸಾಲಾಗಿ ಕೂಡಿಕೊಂಡು, ಊರಿನ ಇಡೀ ರೂಪವನ್ನು ತೋರುತ್ತವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ಕಡಲಿಲ್ಲ. ವಿಹಾರ ನೌಕೆಯೂ ಇಲ್ಲ. ಆದರೆ ನೀರಿನ ಮೇಲೆ ಕುಳಿತು ನೆಲವನ್ನು ನೋಡುವ ಭಾಗ್ಯ ಈ ನಾಡಿನವರಿಗೂ ಉಂಟು. ಕನಕಪುರದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ಸಾಗಿದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಸಿಗುತ್ತದೆ. ಅಲ್ಲಿ ನದಿಯನ್ನು ದಾಟಿಸುವ ಸಾಧನವೇ ಹರಿಗೋಲು. ಇದನ್ನು ತೆಪ್ಪವೆಂದು ಕರೆಯುವವರೂ ಇದ್ದಾರೆ. ಅದಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ. ಹಾಯಿ ಇಲ್ಲ, ಚುಕ್ಕಾಣಿ ಇಲ್ಲ, ಯಂತ್ರವಿಲ್ಲ. ನೋಡಲು ಅದೊಂದು ದೊಡ್ಡ ಬುಟ್ಟಿ. ಆದರೂ ಈ ಬುಟ್ಟಿಯ ಹಿಂದೆ ಸಾವಿರಾರು ವರ್ಷಗಳ ಮನುಷ್ಯನ ಅನುಭವವಿದೆ.

ನದಿಗಳ ಆಳವೂ ಹರಿವೂ ಒಂದೇ ಸಮನಾಗಿರುವ ಕಡೆ ಉದ್ದನೆಯ ದೋಣಿ ಸುಖವಾಗಿ ಸಾಗಬಲ್ಲದು. ನಮ್ಮ ದಖ್ಖನಿನ ನದಿಗಳು ಅಂಥವಲ್ಲ. ಅವುಗಳ ಪಾತ್ರದ ತುಂಬ ಬಂಡೆಗಳು. ಬೇಸಗೆಯಲ್ಲಿ ಮೊಣಕಾಲುದ್ದ ನೀರಿದ್ದ ಜಾಗದಲ್ಲಿ ಮಳೆಗಾಲದಲ್ಲಿ ಆನೆ ಮುಳುಗುವಷ್ಟು ಪ್ರವಾಹ. ಮರದ ಭಾರವಾದ ದೋಣಿ ಇಲ್ಲಿ ಬಂಡೆಗೆ ತಾಗಿ ಒಡೆಯುತ್ತದೆ, ಇಲ್ಲವೇ ಮರಳಿನಲ್ಲಿ ಹೂತು ನಿಲ್ಲುತ್ತದೆ. ಹರಿಗೋಲಿನ ತಳವಾದರೋ ಬಹುಮಟ್ಟಿಗೆ ಸಮತಟ್ಟು. ಅದು ನೀರಿನಲ್ಲಿ ಕೆಲವೇ ಅಂಗುಲ ಇಳಿಯುತ್ತದೆ. ಬಂಡೆ ತಾಗಿದರೆ ಬಿದಿರು ಬಳುಕುತ್ತದೆಯೇ ಹೊರತು ಸುಲಭವಾಗಿ ಮುರಿಯುವುದಿಲ್ಲ. ನೀರು ಬತ್ತಿದ ಕಡೆ ಸಣ್ಣ ಹರಿಗೋಲನ್ನು ಒಬ್ಬನೇ ಹೊತ್ತುಕೊಂಡು ನಡೆಯಬಹುದು. ದಿನದ ಕೆಲಸ ಮುಗಿದ ಮೇಲೆ ಅಂಬಿಗನು ಅದನ್ನು ದಡದ ಮೇಲೆ ಬೋರಲು ಹಾಕಿ ಒಣಗಿಸುತ್ತಾನೆ.

ಹರಿಗೋಲನ್ನು ಹೆಣೆಯುವ ಕೆಲಸ ನೆಲದ ಮೇಲೆಯೇ ನಡೆಯುತ್ತದೆ. ಬಿದಿರನ್ನು ಸೀಳಿ ಉದ್ದನೆಯ ದಬ್ಬೆಗಳನ್ನು ಮಾಡಿಕೊಳ್ಳುತ್ತಾರೆ. ಅವುಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಹಾಯಿಸಿ, ಚಾಪೆಯ ಹಾಗೆ ಹೆಣೆದು ತಳವನ್ನು ಸಿದ್ಧಮಾಡುತ್ತಾರೆ. ತಳ ಅಲುಗದಂತೆ ಅದರ ಮೇಲೆ ಕಲ್ಲುಗಳನ್ನು ಹೇರಿ, ಸುತ್ತಲೂ ಚಾಚಿಕೊಂಡಿರುವ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಗ್ಗಿಸುತ್ತಾರೆ. ಅವುಗಳ ನಡುವೆ ಸುತ್ತು ದಬ್ಬೆಗಳನ್ನು ಹೆಣೆಯುತ್ತ ಹೋದಂತೆ ಗೋಡೆ ಏಳುತ್ತದೆ. ಕೊನೆಗೆ ಬಾಯಿಯ ಸುತ್ತ ಹಲವು ದಬ್ಬೆಗಳನ್ನು ಸೇರಿಸಿ ಬಿಗಿಯಾಗಿ ಕಟ್ಟುತ್ತಾರೆ. ಹರಿಗೋಲಿನ ಬಲವೆಲ್ಲ ಈ ಅಂಚಿನಲ್ಲಿದೆ. ಹಿಂದಿನ ಕಾಲದಲ್ಲಿ ಹೊರಮೈಗೆ ದನದ ಇಲ್ಲವೇ ಎಮ್ಮೆಯ ಚರ್ಮವನ್ನು ಹೊದಿಸುತ್ತಿದ್ದರು. ಈಗ ಚರ್ಮದ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಅದರ ಮೇಲೆ ಟಾರು ಬಳಿಯುವುದೂ ಉಂಟು. ನಾರುಗಾಜಿನಿಂದ ಎರಕ ಹೊಯ್ದ ಹರಿಗೋಲುಗಳೂ ಇತ್ತೀಚೆಗೆ ಬಳಕೆಗೆ ಬಂದಿವೆ. ಪದಾರ್ಥ ಬದಲಾದರೂ ಆಕಾರ ಬದಲಾಗಿಲ್ಲ.

ಈ ದುಂಡನೆಯ ಆಕಾರಕ್ಕೆ ಕಾರಣವೇನು? ಸುತ್ತಳತೆ ಒಂದೇ ಆಗಿರುವ ಆಕೃತಿಗಳಲ್ಲೆಲ್ಲ ಹೆಚ್ಚು ವಿಸ್ತೀರ್ಣವುಳ್ಳದ್ದು ವೃತ್ತ. ಆದುದರಿಂದ ಕಡಮೆ ಬಿದಿರು, ಕಡಮೆ ಚರ್ಮಗಳಲ್ಲಿ ಹೆಚ್ಚು ಜನ ಕೂರುವ ಸ್ಥಳ ದೊರೆಯುತ್ತದೆ. ವೃತ್ತಕ್ಕೆ ಮೂಲೆಗಳಿಲ್ಲ, ಮೂಲೆಯಿಲ್ಲದ ಕಡೆ ಬಿದಿರನ್ನು ಕತ್ತರಿಸಿ ಜೋಡಿಸಬೇಕಾದ ತೊಡಕೂ ಇಲ್ಲ, ನೀರು ಒಸರುವ ಸಂದೂ ಇಲ್ಲ.

ಇಷ್ಟು ಹಗುರವಾದ ಬುಟ್ಟಿ ಹತ್ತು ಜನರನ್ನು ಹೇಗೆ ಹೊರುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿದ್ದ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಕೊಟ್ಟಿದ್ದಾನೆ. ತೇಲುವ ವಸ್ತು ತನ್ನ ತೂಕಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎರಡೂವರೆ ಮೀಟರ್ ವ್ಯಾಸದ ಸಮತಟ್ಟು ತಳವುಳ್ಳ ಒಂದು ಹರಿಗೋಲನ್ನು ಊಹಿಸಿಕೊಳ್ಳೋಣ. ಅದರ ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಅದು ನೀರಿನಲ್ಲಿ 10 ಸೆಂಟಿಮೀಟರ್ ಇಳಿದರೆ ಸರಿಯುವ ನೀರು 0.49 ಘನ ಮೀಟರ್. ಅದರ ತೂಕ ಸುಮಾರು 490 ಕಿಲೋಗ್ರಾಂ. ಎಂದರೆ, ತಲಾ 60 ಕಿಲೋಗ್ರಾಂ ತೂಗುವ ಎಂಟು ಜನರು ಹತ್ತಿದರೆ ಹರಿಗೋಲು ಇನ್ನು 10 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಹರಿಗೋಲನ್ನು ಹೆಣೆದ ಹಳ್ಳಿಗನು ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದವನಲ್ಲ; ಆದರೆ ಯಾವ ಅಳತೆಯ ಬುಟ್ಟಿಗೆ ಎಷ್ಟು ಜನ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಭಾರ ಎಲ್ಲ ಕಡೆಗೂ ಸಮನಾಗಿ ಹಂಚಿರಬೇಕು. ಎಲ್ಲರೂ ಒಂದೇ ಬದಿಗೆ ಬಾಗಿದರೆ ಆ ಬದಿಯ ಅಂಚು ನೀರಿಗೆ ಇಳಿಯುತ್ತದೆ. ಒಮ್ಮೆ ನೀರು ಒಳನುಗ್ಗಿತೆಂದರೆ ಕ್ಷಣದಲ್ಲಿ ಬುಟ್ಟಿ ಮಗುಚುತ್ತದೆ. ಆದುದರಿಂದಲೇ ಅಂಬಿಗನು ಪ್ರಯಾಣಿಕರನ್ನು ತಾನು ಹೇಳಿದ ಕಡೆ ಕೂರಿಸುತ್ತಾನೆ, ನಡುನೀರಿನಲ್ಲಿ ಯಾರನ್ನೂ ಏಳಗೊಡುವುದಿಲ್ಲ. ಅದು ಅವನ ಗದರಿಕೆಯಲ್ಲ, ಎಚ್ಚರ.

ಹರಿಗೋಲನ್ನು ನಡೆಸುವುದು ಸುಲಭದ ಕೆಲಸವಲ್ಲ. ಉದ್ದನೆಯ ದೋಣಿಗೆ ತನ್ನ ದಿಕ್ಕನ್ನು ತಾನೇ ಕಾಪಾಡಿಕೊಳ್ಳುವ ಗುಣವಿದೆ, ದುಂಡನೆಯದಕ್ಕೆ ಅದಿಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ಮುಂದೆ ಹೋಗುವ ಬದಲು ಬುಗುರಿಯಂತೆ ತಿರುಗುತ್ತದೆ. ಅಂಬಿಗನು ಹರಿಗೋಲಿನ ಮುಂಬದಿಗೆ ಕುಳಿತು, ಎದುರಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳುವಂತೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹುಟ್ಟು ಹಾಕುತ್ತಾನೆ. ಹರಿವಿಗೆ ಎದುರಾಗಿ ಹೋರಾಡದೆ, ತಾನು ಮುಟ್ಟಬೇಕಾದ ಕಟ್ಟೆಗಿಂತ ಮೇಲ್ಗಡೆಯಿಂದ ಹೊರಟು, ಹೊಳೆಯ ಓಟವನ್ನೇ ನೆರವಾಗಿ ಮಾಡಿಕೊಂಡು ಓರೆಯಾಗಿ ಆಚೆಯ ದಡ ಸೇರುತ್ತಾನೆ. ನೀರಿನ ಮೇಲ್ಮೈಯ ಸುಕ್ಕನ್ನು ನೋಡಿ ಕೆಳಗಿನ ಬಂಡೆಯನ್ನು ಗುರುತಿಸುವ ವಿದ್ಯೆ ಅವನದು.

ಈ ವಿದ್ಯೆ ನಮ್ಮ ನಾಡಿನಲ್ಲಿ ಬಹು ಹಳೆಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ಚರ್ಮ ಹೊದಿಸಿದ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಅವು ಹೊರುತ್ತಿದ್ದವೆಂದೂ ಸಾಗುವಾಗ ಸದಾ ಸುತ್ತುತ್ತಿದ್ದವೆಂದೂ ಅವನು ಹೇಳುತ್ತಾನೆ. ಅವನಿಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನ್ ನಗರಕ್ಕೆ ಹೊಳೆಯ ಮೇಲೆ ಬರುತ್ತಿದ್ದ ಇಂಥದೇ ದೋಣಿಗಳನ್ನು ವರ್ಣಿಸಿದ್ದಾನೆ. ವ್ಯಾಪಾರಿಗಳು ಅವುಗಳಲ್ಲಿ ಸರಕಿನ ಜೊತೆಗೆ ಕತ್ತೆಯನ್ನೂ ಏರಿಸಿಕೊಂಡು ಬರುತ್ತಿದ್ದರಂತೆ. ಸರಕನ್ನು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಊರಿಗೆ ಮರಳುತ್ತಿದ್ದರಂತೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ ವಿಯೆಟ್ನಾಮಿನ ಕಡಲ ತೀರದಲ್ಲಿಯೂ ಬುಟ್ಟಿಯಂಥ ದೋಣಿಗಳುಂಟು. ಕಾವೇರಿ ಹರಿದು ಮುಂದೆ ತಮಿಳುನಾಡಿನ ಹೊಗೆನಕಲ್ಲನ್ನು ಮುಟ್ಟುವಾಗ ಅಲ್ಲಿಯೂ ಇದೇ ವಾಹನ 'ಪರಿಸಲ್' ಎಂಬ ಹೆಸರಿನಿಂದ ಕಾಣಸಿಗುತ್ತದೆ.

ದಾಟಿಸುವ ಕಾಯಕಕ್ಕೆ ಕನ್ನಡಿಗರು ದೊಡ್ಡ ಗೌರವವನ್ನು ಕೊಟ್ಟಿದ್ದಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನಾದ ಚೌಡಯ್ಯನು ದೋಣಿ ನಡೆಸುತ್ತಿದ್ದವನು. ಅವನು ತನ್ನ ಕಾಯಕವನ್ನೇ ಹೆಸರಿನೊಡನೆ ಸೇರಿಸಿಕೊಂಡು ಅಂಬಿಗರ ಚೌಡಯ್ಯನೆಂದು ಪ್ರಸಿದ್ಧನಾದನು.

ಸಂಗಮದಲ್ಲಿ ಹರಿಗೋಲು ಏರಿದವನಿಗೆ ಕಾಣುವುದೇನು? ಎರಡೂ ದಡಗಳಲ್ಲಿ ಕಾಡು ಕವಿದ ಬೆಟ್ಟಗಳು, ನೀರಿಗೆ ಬಾಗಿದ ಮತ್ತಿಯ ಮರಗಳು, ನಡುವೆ ತಲೆಯೆತ್ತಿದ ಬಂಡೆಗಳು. ಈ ಅರಣ್ಯವನ್ನು 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ನೀರುನಾಯಿ, ಮೊಸಳೆ, ಆನೆಗಳ ನೆಲೆ ಇದು. ಅಳಿವಿನ ಅಂಚಿನಲ್ಲಿರುವ ಡುಬ್ಬದ ಮಾಹಶೀರ್ ಮೀನು ಈ ನದಿಯಲ್ಲಿ ಬದುಕಿದೆ. ಹೊಳೆ ದಾಟಿ ಸುಮಾರು 4 ಕಿಲೋಮೀಟರ್ ಮುಂದೆ ಹೋದರೆ ಮೇಕೆದಾಟು. ಅಗಲವಾಗಿ ಹರಿದು ಬಂದ ಕಾವೇರಿ ಅಲ್ಲಿ ಕಲ್ಲಿನ ಇಕ್ಕಟ್ಟಿನಲ್ಲಿ ಕಿರಿದಾಗಿ ನುಗ್ಗುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಈ ಕಮರಿಯನ್ನು ಹಾರಿ ಪ್ರಾಣ ಉಳಿಸಿಕೊಂಡಿತೆಂಬ ಕಥೆಯಿಂದ ಈ ಹೆಸರು ಬಂದಿದೆ. ಸುಳಿಯುವ ನೀರು ಬೆಣಚುಕಲ್ಲುಗಳನ್ನು ಯುಗಯುಗಾಂತರ ತಿರುಗಿಸಿ ಬಂಡೆಯಲ್ಲಿ ಒರಳಿನಂಥ ಕುಳಿಗಳನ್ನು ಕೊರೆದಿದೆ. ಅಲ್ಲಿ ಹರಿಗೋಲಿಗೂ ಪ್ರವೇಶವಿಲ್ಲ, ಈಜುಗಾರನಿಗೂ ಇಲ್ಲ. ನೀರಿನ ಮೇಲ್ಮೈ ಶಾಂತವಾಗಿ ಕಂಡರೂ ಒಳಗಿನ ಸೆಳೆತ ಭಯಂಕರವಾದುದು. ಇದನ್ನು ಅರಿಯದೆ ನೀರಿಗಿಳಿದು ಪ್ರಾಣ ಕಳೆದುಕೊಂಡವರು ಹಲವರು.

ಇಲ್ಲಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಸಂಗಮದಲ್ಲಿ ಆಕಾಶ ನಿರ್ಮಲವಾಗಿದ್ದರೂ ಹೊಳೆ ಏರಬಹುದು. ಕೊಡಗಿನಲ್ಲಿಯೂ ವಯನಾಡಿನಲ್ಲಿಯೂ ಮಳೆ ಸುರಿದು ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳು ತುಂಬಿದಾಗ ಹೊರಬಿಟ್ಟ ನೀರು ಶಿವನಸಮುದ್ರವನ್ನು ಧುಮುಕಿ ಇಲ್ಲಿಗೆ ಬರುತ್ತದೆ. ಅಂಥ ದಿನಗಳಲ್ಲಿ ಹರಿಗೋಲನ್ನು ನೀರಿಗೆ ಇಳಿಸಬಾರದು. ಜೀವರಕ್ಷಕ ಕವಚವನ್ನು ತೊಡದೆ ಏರಬಾರದು. ಮಿತಿಗಿಂತ ಒಬ್ಬನನ್ನೂ ಹೆಚ್ಚಿಗೆ ಹತ್ತಿಸಬಾರದು. ಒಂದು ದಿನದ ಕೂಲಿ ಅಂಬಿಗನಿಗೂ ಒಂದು ದಿನದ ಸಂತೋಷ ಪ್ರವಾಸಿಗನಿಗೂ ಪ್ರಿಯವೇ ಆದರೂ, ಜೀವಕ್ಕಿಂತ ಮಿಗಿಲಲ್ಲ.

ಹರಿಗೋಲು ನದಿಯ ಆರೋಗ್ಯವನ್ನು ತೋರುವ ಕನ್ನಡಿಯೂ ಹೌದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ, ರಾಮನಗರ, ಕನಕಪುರಗಳ ನೆಲವನ್ನು ಹಾದು ಸಂಗಮಕ್ಕೆ ಬರುತ್ತದೆ. ಚನ್ನಪಟ್ಟಣದ ಕಣ್ವಾ ನದಿ ಶಿಂಷೆಯನ್ನು ಸೇರಿ, ಶಿಂಷೆಯು ಸಂಗಮಕ್ಕಿಂತ ಮೇಲೆಯೇ ಕಾವೇರಿಯನ್ನು ಕೂಡುತ್ತದೆ. ಹೀಗೆ ನಾಲ್ಕೂ ತಾಲ್ಲೂಕುಗಳ ನೀರು ಕಡೆಗೆ ಮೇಕೆದಾಟುವಿನ ಕಲ್ಲಿನ ಬಾಗಿಲಿನಲ್ಲಿಯೇ ಹಾಯಬೇಕು. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ತಿಪ್ಪಗೊಂಡನಹಳ್ಳಿಯ ಜಲಾಶಯ 1933ರಿಂದಲೂ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿದವು. ನಗರ ಬೆಳೆದಂತೆ ಆ ನದಿಯ ಹರಿವು ಸೊರಗಿತು. ಕಾವೇರಿಯ ನೀರನ್ನೇ ಬೆಂಗಳೂರಿಗೆ ಏರಿಸಬೇಕಾಯಿತು. ಅದೇ ನಗರದ ಕೊಳೆ ವೃಷಭಾವತಿಯ ಮೂಲಕ ಹರಿದು ಅರ್ಕಾವತಿಯನ್ನು ಸೇರುತ್ತಿದೆ. ಬೆಂಗಳೂರಿನ ಕುಡಿಯುವ ನೀರಿಗಾಗಿ ಮೇಕೆದಾಟುವಿನಲ್ಲಿ ಜಲಾಶಯ ಕಟ್ಟುವ ಯೋಜನೆಯೂ ಬಹುಕಾಲದಿಂದ ಎರಡು ರಾಜ್ಯಗಳ ನಡುವೆ ಚರ್ಚೆಯ ವಿಷಯವಾಗಿದೆ. ನಗರಕ್ಕೆ ನೀರೂ ಬೇಕು. ನದಿಗೆ ಬದುಕೂ ಬೇಕು. ಈ ಎರಡನ್ನೂ ತೂಗಿ ನೋಡುವ ಹೊಣೆ ಬೆಳೆಯುತ್ತಿರುವ ತಲೆಮಾರಿನ ಮೇಲೆ ಬೀಳಲಿದೆ.

ಸೇತುವೆಗಳು ಬಂದ ಕಡೆಯಲ್ಲೆಲ್ಲ ಹರಿಗೋಲು ಹಿಂದೆ ಸರಿದಿದೆ. ರೋಗಿಯನ್ನು ಆಸ್ಪತ್ರೆಗೂ ಮಕ್ಕಳನ್ನು ಶಾಲೆಗೂ ಸೇರಿಸುವ ಸೇತುವೆ ಬೇಡವೆನ್ನುವವರು ಯಾರೂ ಇರಲಾರರು. ಆದರೆ ಹರಿಗೋಲಿನೊಂದಿಗೆ ಹೊಳೆಯನ್ನು ಓದುವ ವಿದ್ಯೆಯೂ ಮರೆತುಹೋಗಬಾರದು. ಸೇತುವೆಯ ಮೇಲೆ ಓಡುವ ವಾಹನದಲ್ಲಿ ಕುಳಿತವನಿಗೆ ನದಿ ಒಂದು ಗಳಿಗೆಯ ನೋಟ ಮಾತ್ರ. ಹರಿಗೋಲಿನಲ್ಲಿ ಕುಳಿತವನಾದರೋ ಅಂಗೈಯನ್ನು ನೀರಿಗೆ ತಾಗಿಸಿ, ಅದು ತಣ್ಣಗಿದೆಯೇ, ತಿಳಿಯಾಗಿದೆಯೇ, ತುಂಬಿದೆಯೇ ಎಂಬುದನ್ನು ತಾನೇ ಅರಿಯುತ್ತಾನೆ. ಹಾಗೆ ಅರಿತವನಿಗೆ ನದಿಯನ್ನು ಕೆಡಿಸಲು ಮನಸ್ಸು ಬಾರದು.